ಅಮ್ಮ, ನಾನು, ಎರಡು ಛತ್ರಿ: ಬ್ಯಾಂಕಾಕ್‌ನಲ್ಲಿ ಐದು ದಿನ

ಅಮ್ಮನನ್ನು ಬ್ಯಾಂಕಾಕ್‌ಗೆ ಕರೆದುಕೊಂಡು ಹೋಗುತ್ತೇನೆ ಅಂದಾಗ ಮನೆಯಲ್ಲಿ ಎಲ್ಲರೂ ಮುಖ ಮುಖ ನೋಡಿಕೊಂಡರು. ಮಾವ ಒಬ್ಬರು ಮುಸಿಮುಸಿ ನಕ್ಕರು. ನಮ್ಮ ಕಡೆ ಆ ಊರಿಗೆ ಇರುವ ಹೆಸರೇ ಅಂಥದ್ದು, ಗೆಳೆಯರ ದಂಡು ಕಟ್ಟಿಕೊಂಡು ಹೋಗುವ ಜಾಗ ಅಂತ. ಅರವತ್ತಮೂರು ವರ್ಷದ, ಮೊಟ್ಟೆ ಕೂಡ ಮುಟ್ಟದ ತಿಪಟೂರಿನ ಹೆಂಗಸಿಗೆ ಅಲ್ಲೇನು ಕೆಲಸ? ಅಮ್ಮ ಮಾತ್ರ ಒಂದೇ ಪ್ರಶ್ನೆ ಕೇಳಿದಳು: "ಅಲ್ಲಿ ತುಂಬ ನಡೀಬೇಕೇನೋ?"

ನಿಜಕ್ಕೂ ಕೇಳಬೇಕಾದ ಪ್ರಶ್ನೆ ಅದೇ ಆಗಿತ್ತು. ನನಗೆ ಆಗ ಗೊತ್ತಾಗಲಿಲ್ಲ. ಹದಿನಾಲ್ಕು ಜಾಗಗಳ ಪಟ್ಟಿ ಬರೆದು ಜೇಬಿಗಿಟ್ಟುಕೊಂಡೆ.

ನಾವು ಹೋಗಿದ್ದು ಸೆಪ್ಟೆಂಬರ್‌ನಲ್ಲಿ, ಅಂದರೆ ಮಳೆಗಾಲ. ವಿಮಾನ, ಹೋಟೆಲು ಎರಡೂ ಅಗ್ಗ. ನವೆಂಬರ್‌ನಿಂದ ಫೆಬ್ರವರಿ ಹಿತವಾದ ಕಾಲ, ಆದರೆ ಜನವೂ ಜಾಸ್ತಿ, ದರವೂ ಜಾಸ್ತಿ. ಏಪ್ರಿಲ್ ಬಿಸಿಲು ಮಾತ್ರ ವಯಸ್ಸಾದವರಿಗೆ ಬೇಡವೇ ಬೇಡ. ಭಾರತದವರಿಗೆ ಆಗ ವೀಸಾ ಬೇಕಿರಲಿಲ್ಲ. ಈ ನಿಯಮ ಆಗಾಗ ಬದಲಾಗುತ್ತದೆ, ಟಿಕೆಟ್ ಮಾಡುವ ಮುಂಚೆ ಒಮ್ಮೆ ನೋಡಿಕೊಳ್ಳಿ. ಪಾಸ್‌ಪೋರ್ಟ್‌ಗೆ ಇನ್ನೂ ಆರು ತಿಂಗಳ ಅವಧಿ ಇರಲಿ. 2025ರ ಮೇ ತಿಂಗಳಿಂದ ಡಿಜಿಟಲ್ ಅರೈವಲ್ ಕಾರ್ಡ್ ಅಂತ ಒಂದು ಬಂದಿದೆ. ಇಳಿಯುವ ಮುಂಚಿನ ಮೂರು ದಿನದೊಳಗೆ ತುಂಬಬೇಕು, ಒಂದು ಪೈಸೆ ಖರ್ಚಿಲ್ಲ. ದುಡ್ಡು ಕೇಳಿತು ಅಂದರೆ ನೀವು ಸರ್ಕಾರದ ಜಾಲತಾಣದಲ್ಲಿಲ್ಲ ಅಂತ ತಿಳಿದುಕೊಂಡು ಹೊರಗೆ ಬನ್ನಿ.

ಮೊದಲ ದಿನ, ಬುಧವಾರ

ಬೆಂಗಳೂರಿನಿಂದ ರಾತ್ರಿ ಹತ್ತಿದರೆ ಬೆಳಗ್ಗೆ ಹೊತ್ತಿಗೆ ಅಲ್ಲಿರುತ್ತೀರಿ. ಅವರ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ. ವಿಮಾನ ನಿಲ್ದಾಣದ ಹೆಸರು ಬೋರ್ಡಿನಲ್ಲಿ ಇಂಗ್ಲಿಷಿನಲ್ಲಿತ್ತು. ಅಮ್ಮ ಕಾಗುಣಿತ ಕೂಡಿಸಿ ಓದಿದಳು: "ಸು-ವರ್ಣ-ಭೂಮಿ! ಇದು ನಮ್ ಹೆಸರಲ್ವೇನೋ?" ಥಾಯ್ ಜನ ಅದನ್ನು 'ಸುವನ್ನಪೂಮ್' ಅನ್ನುತ್ತಾರೆ. ಬರೆಯುವುದು ಒಂದು, ಅನ್ನುವುದು ಇನ್ನೊಂದು. ಆಮೇಲೆ ಐದು ದಿನವೂ ಅಮ್ಮನಿಗೆ ಇದೇ ಆಟವಾಯಿತು. 'ಸವಾದಿ' ಅಂದರೆ ಸ್ವಸ್ತಿ. 'ನಖೋನ್' ಅಂದರೆ ನಗರ. 'ಎರಾವಾನ್' ಅಂದರೆ ಐರಾವತ. ನಾನು ಫೋನಿನಲ್ಲಿ ಅನುವಾದ ಹುಡುಕುವಷ್ಟರಲ್ಲಿ ಅವಳು ಅರ್ಧ ಬಿಡಿಸಿರುತ್ತಿದ್ದಳು.

ಬಂದಿಳಿಯುವ ಅಂತಸ್ತಿನಲ್ಲಿ ದುಡ್ಡು ಬದಲಾಯಿಸಬೇಡಿ. ಕೆಳಗೆ, ರೈಲು ಹತ್ತುವ ನೆಲಮಾಳಿಗೆಯಲ್ಲಿರುವ ಅಂಗಡಿಗಳಲ್ಲಿ ದರ ಎಷ್ಟೋ ವಾಸಿ. ನಾವು ಹೋದಾಗ ಒಂದು ಬಾತ್‌ಗೆ ಎರಡು ಮುಕ್ಕಾಲು ರೂಪಾಯಿಯ ಹತ್ತಿರ ಇತ್ತು. "ನಮ್ಮೂರಲ್ಲಿ ಬಾತ್ ತಿಂತೀವಿ, ಇಲ್ಲಿ ಖರ್ಚು ಮಾಡ್ತಾರೆ" ಅಂತ ಅಮ್ಮ ನಕ್ಕಳು. ಆಮೇಲೆ ಎಲ್ಲ ಬೆಲೆಯನ್ನೂ ಮೂರರಿಂದ ಗುಣಿಸಿ ಗಾಬರಿಯಾಗತೊಡಗಿದಳು. ಎಟಿಎಂನಲ್ಲಿ ನಮ್ಮ ಕಾರ್ಡ್ ಹಾಕಿದರೆ ಪ್ರತಿ ಸಲವೂ 220 ಬಾತ್ ಆಸುಪಾಸು ಕಡಿತ, ನೂರು ತೆಗೆದರೂ ಅಷ್ಟೇ, ಹತ್ತು ಸಾವಿರ ತೆಗೆದರೂ ಅಷ್ಟೇ. ಸ್ವಲ್ಪ ನಗದು ಮನೆಯಿಂದಲೇ ಇರಲಿ.

ಟ್ಯಾಕ್ಸಿಯಾದರೆ ಮೀಟರ್ 35 ಬಾತ್‌ಗೆ ಶುರು, ವಿಮಾನ ನಿಲ್ದಾಣದ್ದು ಇನ್ನೂ 50, ಮೇಲೆ ಟೋಲ್ ಕೂಡ ನಿಮ್ಮದೇ. ನಾವು ರೈಲು ಹಿಡಿದೆವು. ಫಾಯಾ ಥಾಯ್ ತನಕ ತಲೆಗೆ 45 ಬಾತ್, ಅರ್ಧ ಗಂಟೆಯೂ ಇಲ್ಲ. ಅಲ್ಲಿಂದ ಬಿಟಿಎಸ್, ಅಂದರೆ ಕಂಬಗಳ ಮೇಲೆ ಓಡುವ ರೈಲು. ಸಿಯಾಮ್‌ನಲ್ಲಿ ಬದಲಿಸಿ ಸಫಾನ್ ತಾಕ್ಸಿನ್‌ನಲ್ಲಿ ಇಳಿದೆವು. ಹೋಟೆಲನ್ನು ಈ ನಿಲ್ದಾಣದ ಹತ್ತಿರ ಮಾಡಿದ್ದೇ ಇಡೀ ಪ್ರವಾಸದಲ್ಲಿ ನಾನು ಮಾಡಿದ ಜಾಣ ಕೆಲಸ. ಮೇಲೆ ರೈಲು, ಕೆಳಗೆ ದೋಣಿ ಕಟ್ಟೆ. ರೂಮು ಸಣ್ಣದಿದ್ದರೂ ಪರವಾಗಿಲ್ಲ, ನಿಲ್ದಾಣಕ್ಕೆ ಐದು ನಿಮಿಷದ ನಡಿಗೆ ಇರಲಿ. ಸಂಜೆ ಮಳೆ ಬಂದಾಗ ಇದರ ಬೆಲೆ ಗೊತ್ತಾಗುತ್ತದೆ.

ರೂಮು ಎರಡು ಗಂಟೆಗೇ ಅಂದರು. ಬ್ಯಾಗ್ ಅಲ್ಲೇ ಬಿಟ್ಟು ಪಕ್ಕದ ಸೆವೆನ್ ಇಲೆವೆನ್‌ಗೆ ಹೋದೆವು. ಈ ಅಂಗಡಿ ಗಲ್ಲಿಗೊಂದಿದೆ, ರಾತ್ರಿ ಹಗಲು ತೆರೆದಿರುತ್ತದೆ. ಅಮ್ಮ ಬ್ರೆಡ್ ಪ್ಯಾಕೆಟ್ ತಿರುಗಿಸಿ ನೋಡಿ ಹಾಗೇ ವಾಪಸ್ ಇಟ್ಟಳು. ಹಾಲಿನ ಪ್ಯಾಕೆಟ್ ನೋಡಿದಳು, ಅದನ್ನೂ ಇಟ್ಟಳು. "ಎಲ್ಲಾ 68ರದ್ದು ಕಣೋ!" ಥಾಯ್ಲೆಂಡ್‌ನಲ್ಲಿ ಬುದ್ಧನ ಶಕೆ ನಡೆಯುತ್ತದೆ, ನಮ್ಮ ಲೆಕ್ಕಕ್ಕೆ 543 ಕೂಡಿಸಬೇಕು. 2025 ಅಂದರೆ ಅವರಿಗೆ 2568. ಬ್ರೆಡ್ ಸರಿಯಾಗಿಯೇ ಇತ್ತು.

ಮಧ್ಯಾಹ್ನ ಮಲಗಿ ಎದ್ದು ಸಂಜೆ ಲುಂಪಿನಿ ಪಾರ್ಕಿಗೆ ಹೋದೆವು. ಬುದ್ಧ ಹುಟ್ಟಿದ ಲುಂಬಿನಿಯ ಹೆಸರೇ ಅದು. ಕೆರೆ ದಡದಲ್ಲಿ ಮಾರುದ್ದದ ಉಡವೊಂದು ನಾಲಿಗೆ ಚಾಚುತ್ತಾ ಜನರ ನಡುವೆಯೇ ಹೋಯಿತು. ಯಾರೂ ತಿರುಗಿ ನೋಡಲಿಲ್ಲ. ಆರು ಗಂಟೆಗೆ ಧ್ವನಿವರ್ಧಕದಲ್ಲಿ ರಾಷ್ಟ್ರಗೀತೆ ಬಂತು. ಓಡುತ್ತಿದ್ದವರು, ಸೈಕಲ್‌ನವರು, ಹೆಜ್ಜೆ ಹಾಕುತ್ತಿದ್ದ ಅಜ್ಜಿಯರು, ಎಲ್ಲರೂ ಇದ್ದಲ್ಲೇ ನಿಂತರು. ನಾವೂ ನಿಂತೆವು. ಬೆಳಗ್ಗೆ ಎಂಟಕ್ಕೂ ಹೀಗೇ. ರಾಜಮನೆತನದ ಬಗ್ಗೆ ಅಲ್ಲಿ ತಮಾಷೆಗೂ ಹಗುರವಾಗಿ ಮಾತಾಡಬಾರದು, ಕಾನೂನು ಗಟ್ಟಿ ಇದೆ.

ಎರಡನೇ ದಿನ, ಗುರುವಾರ

ಇದು ದೊಡ್ಡ ದಿನ. ದೋಣಿ ಕಟ್ಟೆಯಲ್ಲಿ ಪ್ರವಾಸಿಗಳ ದೋಣಿಯ ಟಿಕೆಟ್ ಮಾರುವವರು ಮೊದಲು ಸಿಗುತ್ತಾರೆ. ಅವರನ್ನು ದಾಟಿ ಕಿತ್ತಳೆ ಬಾವುಟದ ದೋಣಿ ಕೇಳಿ. ಆಫೀಸಿಗೆ ಹೋಗುವವರು, ಯೂನಿಫಾರ್ಮ್ ಮಕ್ಕಳು, ಭಿಕ್ಷುಗಳು ಓಡಾಡುವ ದೋಣಿ ಅದು, 16 ಬಾತ್. ಭಿಕ್ಷುಗಳಿಗೆ ಬೇರೆ ಜಾಗ ಬಿಟ್ಟಿರುತ್ತಾರೆ. ಹೆಂಗಸರು ಅವರನ್ನು ತಾಕಬಾರದು, ಪಕ್ಕದಲ್ಲಿ ಕೂರಲೂಬಾರದು. ಅಮ್ಮ ಅದನ್ನು ಕೇಳಿ ತಲೆಯಾಡಿಸಿದಳು. ಮಡಿ ಅನ್ನೋದು ಅವಳಿಗೇನು ಹೊಸದಾ!

ಥಾ ಚಾಂಗ್ ಕಟ್ಟೆಯಲ್ಲಿ ಇಳಿದು ಅರಮನೆ ಗೋಡೆಯ ಪಕ್ಕ ನಡೆಯುತ್ತಿದ್ದೆವು. ಇಸ್ತ್ರಿ ಮಾಡಿದ ಅಂಗಿಯ, ನಗುಮುಖದ ಒಬ್ಬ ಬಂದು ನಮಸ್ತೆ ಅಂದ. ಇವತ್ತು ಹಬ್ಬ, ಅರಮನೆ ಒಂದು ಗಂಟೆಗೆ ತೆಗೆಯುತ್ತದೆ, ಅಲ್ಲಿ ತನಕ ಈ ಟುಕ್ ಟುಕ್ ಆಟೋದವನು ನಿಮಗೆ ಮೂರು ಗುಡಿ ತೋರಿಸುತ್ತಾನೆ, ಬರೀ 40 ಬಾತ್ ಅಂದ. ನಾನು ಈ ಮೋಸದ ಬಗ್ಗೆ ಓದಿದ್ದೆ. ಆದರೂ ಅವನು ಹೇಳಿದ ರೀತಿಗೆ ಒಂದು ಕ್ಷಣ ನಂಬಿಬಿಟ್ಟೆ. ಅಮ್ಮನೇ ಕೈ ಎಳೆದಳು. "ಬಾಗಿಲು ಹಾಕಿದ್ರೆ ಬಾಗಿಲ ಹತ್ರ ಹೋಗಿ ನೋಡೋಣ ನಡಿ." ಹೋಗಿ ನೋಡಿದರೆ ಸಾಲುಗಟ್ಟಿ ಜನ ಒಳಗೆ ಹೋಗುತ್ತಿದ್ದಾರೆ. ಬೆಳಗ್ಗೆ ಎಂಟೂವರೆಗೆ ತೆಗೆಯುತ್ತದೆ, ಮೂರೂವರೆ ತನಕ ಟಿಕೆಟ್ ಕೊಡುತ್ತಾರೆ. ಆ ಟುಕ್ ಟುಕ್ ಹತ್ತಿದ್ದರೆ ಹರಳಿನ ಅಂಗಡಿಗೋ ಸೂಟು ಹೊಲಿಯುವವನ ಹತ್ತಿರವೋ ಹೋಗಿ ಕೂತಿರುತ್ತಿದ್ದೆವು.

ಬಾಗಿಲಲ್ಲಿ ಅಮ್ಮನನ್ನು ಬಿಟ್ಟರು, ನನ್ನನ್ನು ತಡೆದರು. ನಾನು ಹಾಕಿದ್ದು ಮಂಡಿ ಕೆಳಗಿನ ತ್ರೀ ಫೋರ್ತ್. ಪೂರ್ತಿ ಕಾಲು ಮುಚ್ಚಬೇಕು, ಭುಜ ಕಾಣಬಾರದು. ರಸ್ತೆಯಾಚೆ ಆನೆ ಚಿತ್ರದ ದೊಗಲೆ ಪೈಜಾಮ 200 ಬಾತ್‌ಗೆ ಕೊಂಡೆ. ಅದನ್ನು ಹಾಕಿಕೊಂಡು ಬಂದಾಗ ಅಮ್ಮ ಫೋಟೋ ತೆಗೆದು, ನಾನು ತಡೆಯುವಷ್ಟರಲ್ಲಿ ಮನೆಯ ಗ್ರೂಪಿಗೆ ಹಾಕಿಬಿಟ್ಟಿದ್ದಳು.

ಅರಮನೆ ಕಟ್ಟಲು ಶುರುವಾಗಿದ್ದು 1782ರಲ್ಲಿ, ಒಂದನೇ ರಾಮ ಅನ್ನುವ ರಾಜನ ಕಾಲದಲ್ಲಿ. ಟಿಕೆಟ್ 500 ಬಾತ್. ಮೂರರಿಂದ ಗುಣಿಸಿದ ಅಮ್ಮ ಹೊರಗೇ ಕೂರುತ್ತೇನೆ ಅಂದಳು, ಎಳೆದುಕೊಂಡು ಹೋದೆ. ಜನ ಎಲ್ಲ ಪಚ್ಚೆ ಬುದ್ಧನ ಕಡೆ ನುಗ್ಗುತ್ತಾರೆ. ಹೆಸರಿಗೆ ಪಚ್ಚೆ, ಕಲ್ಲು ಬೇರೆ. 66 ಸೆಂಟಿಮೀಟರ್ ಎತ್ತರದ ಮೂರ್ತಿ, ತುಂಬ ಮೇಲೆ ಕೂತಿದೆ. ಬೇಸಿಗೆ, ಮಳೆ, ಚಳಿ ಅಂತ ಮೂರು ಕಾಲಕ್ಕೆ ಮೂರು ಬಂಗಾರದ ಉಡುಗೆ, ಬದಲಿಸುವುದು ಸ್ವತಃ ರಾಜ. "ಉಡುಪಿ ಕೃಷ್ಣನಿಗೆ ದಿನಾ ಅಲಂಕಾರ ಮಾಡ್ತಾರೆ, ಪಾಪ ಇವನಿಗೆ ವರ್ಷಕ್ಕೆ ಮೂರೇ" ಅಂದಳು ಅಮ್ಮ. ಒಳಗೆ ಫೋಟೋ ಇಲ್ಲ, ಚಪ್ಪಲಿ ಇಲ್ಲ, ಬುದ್ಧನ ಕಡೆ ಕಾಲು ಚಾಚಿ ಕೂರುವಂತಿಲ್ಲ. ಪಕ್ಕದ ವಿದೇಶಿಯರು ಕಾಲು ಎಲ್ಲಿಡಬೇಕೋ ತಿಳಿಯದೆ ಒದ್ದಾಡುತ್ತಿದ್ದರೆ ಅಮ್ಮ ಕಾಲು ಮಡಚಿ ಆರಾಮಾಗಿ ಕೂತಿದ್ದಳು.

ನಮ್ಮ ಹೊತ್ತು ಹೋಗಿದ್ದು ಸುತ್ತಲ ಮೊಗಸಾಲೆಯಲ್ಲಿ. ಅಲ್ಲಿ 178 ಅಂಕಣಗಳಲ್ಲಿ ರಾಮಾಯಣ ಬರೆದಿದ್ದಾರೆ, ಅವರ ಭಾಷೆಯಲ್ಲಿ ರಾಮಕಿಯೆನ್. ರಾವಣನಿಗೆ ತೋಸಕನ್ ಅಂತ ಹೆಸರು, ಅಂದರೆ ದಶಕಂಠ, ಮೈ ಹಸಿರು. ಹನುಮಂತ ಬೆಳ್ಳಗೆ. ಅಮ್ಮ ಕಥೆ ಗುರುತಿಸುತ್ತಾ ಬಂದಳು, ಇದು ಸೇತುವೆ, ಇದು ಲಂಕೆ ಸುಟ್ಟಿದ್ದು. ಒಂದು ಕಡೆ ನಿಂತಳು. ಸಮುದ್ರದ ನಡುವೆ ಹನುಮಂತ, ಅವನ ಹತ್ತಿರ ಒಬ್ಬ ಮತ್ಸ್ಯಕನ್ಯೆ. ಅವಳು ಸುವರ್ಣಮತ್ಸ್ಯ, ಇಲ್ಲಿನ ಕಥೆಯಲ್ಲಿ ಹನುಮಂತನ ಪ್ರೇಯಸಿ, ಇಬ್ಬರಿಗೂ ಒಬ್ಬ ಮಗ ಇದ್ದಾನೆ ಅಂತ ನಾನು ಓದಿ ಹೇಳಿದೆ. ಅಮ್ಮ ಚಿತ್ರ ನೋಡಿದಳು. ನನ್ನನ್ನು ನೋಡಿದಳು. ಮತ್ತೆ ಚಿತ್ರಕ್ಕೆ ಇನ್ನೂ ಹತ್ತಿರ ಹೋಗಿ ನೋಡಿದಳು. "ನಮ್ಮ ಆಂಜನೇಯನೇ?" ಐದಾರು ಹೆಜ್ಜೆ ಮುಂದೆ ಹೋದ ಮೇಲೆ ಸಣ್ಣಗೆ ಅಂದಳು: "ಹೋಗ್ಲಿ ಬಿಡು, ಇಷ್ಟು ದೂರ ಬಂದಿದಾನೆ."

ಹನ್ನೊಂದೂವರೆಗೆ ಹೊರಬಂದಾಗ ನೆಲ ಕಾದಿತ್ತು. ಬಿಸಿಲಿಗಿಂತ ಸೆಕೆ ಕೆಟ್ಟದ್ದು. ಅಂಗಿ ಬೆನ್ನಿಗೆ ಅಂಟಿ, ತಲೆ ಧಿಮ್ ಅನ್ನತೊಡಗಿತು. ನನ್ನ ಪಟ್ಟಿಯಲ್ಲಿ ಆ ದಿನದ್ದೇ ಇನ್ನೂ ಐದು ಜಾಗ ಬಾಕಿ. ಅಮ್ಮ ಪಟ್ಟಿ ಕಿತ್ತುಕೊಂಡು ಪೆನ್ ಕೇಳಿದಳು. "ಎರಡು ಇಟ್ಕೋ, ಉಳಿದಿದ್ದು ಹೊಡಿ." ಆಮೇಲಿನ ದಿನಗಳಿಗೂ ಅದೇ ಲೆಕ್ಕವಾಯಿತು. ಬೆಳಗ್ಗೆ ಒಂದು, ಮಧ್ಯಾಹ್ನ ನೆರಳು, ಸಂಜೆ ಒಂದು. ಆ ಊರಿನವರು ಬದುಕುವುದೂ ಹಾಗೇ. ನಡು ಮಧ್ಯಾಹ್ನ ಬಿಸಿಲಲ್ಲಿ ನಡೆಯುತ್ತಿದ್ದವರೆಲ್ಲ ನಮ್ಮಂಥ ಪ್ರವಾಸಿಗಳೇ.

ಊಟದ ಕಥೆ ಈಗ ಹೇಳಬೇಕು. ಗಲ್ಲಿಯ ಒಂದು ಗಾಡಿಯಲ್ಲಿ ಪಪಾಯಿಕಾಯಿ ಕೋಸಂಬರಿ, ಸೋಮ್ ತಾಮ್, ಕೇಳಿದೆ. ವೆಜಿಟೇರಿಯನ್ ಅಂದೆ, ಆಕೆ ನಕ್ಕು ತಲೆಯಾಡಿಸಿದಳು. ಒರಳಲ್ಲಿ ಮೆಣಸಿನಕಾಯಿ, ಬೆಳ್ಳುಳ್ಳಿ, ಬೆಲ್ಲ, ನಿಂಬೆ, ಕಡಲೆಕಾಯಿ ಕುಟ್ಟಿದ ವಾಸನೆಗೆ ಬಾಯಲ್ಲಿ ನೀರೂರಿತು. ಅಮ್ಮ ಮೊದಲ ತುತ್ತು ಬಾಯಿಗಿಡುವ ಮುಂಚೆ ಚಮಚದ ತುದಿಯಿಂದ ಏನನ್ನೋ ಪಕ್ಕಕ್ಕೆ ಸರಿಸಿದಳು. ಕಡ್ಡಿಯಷ್ಟು ಸಣ್ಣದು, ತಿಳಿ ಕಿತ್ತಳೆ ಬಣ್ಣ. "ಇದಕ್ಕೆ ಕಣ್ಣಿದೆ" ಅಂದಳು. ಒಣ ಸಿಗಡಿ. ಅವರ ಲೆಕ್ಕದಲ್ಲಿ ಮಾಂಸ ಹಾಕದಿದ್ದರೆ ಸಸ್ಯಾಹಾರ. ಮೀನಿನ ಸಾಸು, ಸಿಂಪಿ ಸಾಸು, ಸಿಗಡಿ ಚಟ್ನಿ ಎಲ್ಲ ಬರೀ ರುಚಿಗೆ ಹಾಕುವಂಥವು, ನಮ್ಮಲ್ಲಿ ಉಪ್ಪಿದ್ದ ಹಾಗೆ. ತಪ್ಪು ನನ್ನದೇ, ಸರಿಯಾದ ಮಾತು ಕಲಿತಿರಲಿಲ್ಲ.

ಆ ಮಾತು 'ಜೇ'. "ಕಿನ್ ಜೇ" ಅಂದರೆ ಜೇ ತಿನ್ನುತ್ತೇನೆ ಅಂತ. ಮಾಂಸ, ಮೀನು, ಮೊಟ್ಟೆ, ಹಾಲು, ಮೀನಿನ ಸಾಸು ಯಾವುದೂ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಜೇ ಊಟದ ಅಂಗಡಿಗೆ ಹಳದಿ ಬಾವುಟ, ಅದರ ಮೇಲೆ ಕೆಂಪು ಅಕ್ಷರ. ಆ ಅಕ್ಷರ ಥೇಟ್ 17 ಅಂತ ಬರೆದ ಹಾಗೇ ಕಾಣುತ್ತದೆ. ಅಮ್ಮ ಅದನ್ನು ಹದಿನೇಳು ಅಂತಲೇ ಕರೆದಳು. ರೈಲಿನ ಕಿಟಕಿಯಿಂದ "ಅಗೋ ಹದಿನೇಳು!" ಅಂತ ತೋರಿಸುವಳು. ಖಾರ ಬೇಡವಾದರೆ "ಮಾಯ್ ಫೆಟ್" ಅನ್ನಿ. ಮಾತಿನ ಕೊನೆಗೆ ಗಂಡಸರು 'ಖ್ರಾಪ್', ಹೆಂಗಸರು 'ಖಾ' ಸೇರಿಸಬೇಕು, ನಮ್ಮ 'ರೀ' ಇದ್ದ ಹಾಗೆ. ಏನೂ ಸಿಗದಿದ್ದರೆ ಮಾವಿನಹಣ್ಣು ಮತ್ತು ತೆಂಗಿನಹಾಲಿನ ಅಂಟು ಅನ್ನ ಇದ್ದೇ ಇದೆ. ನಾವು ಎರಡು ಮಧ್ಯಾಹ್ನ ಅದರಲ್ಲೇ ಕಳೆದೆವು. ಅನ್ನ ಸಾರು ಬೇಕೇ ಬೇಕು ಅನ್ನುವವರಿಗೆ ಪಾಹುರಾಟ್ ಅನ್ನುವ ಭಾರತೀಯರ ಪೇಟೆ ಇದೆ.

ಸಂಜೆ ವಾಟ್ ಫೋ. ವಾಟ್ ಅಂದರೆ ಬುದ್ಧನ ಗುಡಿ. ಮಲಗಿದ ಬುದ್ಧ 46 ಮೀಟರ್ ಉದ್ದ. ಕಂಬಗಳ ಸಂದಿಯಲ್ಲಿ ಮೊದಲು ಮುಖ, ಆಮೇಲೆ ಮೊಣಕೈ, ಕೊನೆಗೆ ಪಾದ. ಅಂಗಾಲಿನಲ್ಲಿ ಮುತ್ತಿನ ಚಿಪ್ಪಿನಿಂದ ಕೂರಿಸಿದ 108 ಮಂಗಳ ಚಿಹ್ನೆಗಳಿವೆ. ಹಿಂಬದಿಯಲ್ಲಿ 108 ಕಂಚಿನ ಬಟ್ಟಲು. 20 ಬಾತ್ ಕೊಟ್ಟರೆ ಚಿಲ್ಲರೆ ಕಾಸಿನ ಗಿಂಡಿ ಕೊಡುತ್ತಾರೆ, ಬಟ್ಟಲಿಗೊಂದರಂತೆ ಹಾಕುತ್ತಾ ಹೋಗಬೇಕು. ಟಿಣ್ ಟಿಣ್ ಸದ್ದು ಕಿವಿಯಲ್ಲೇ ಉಳಿಯಿತು. ಅಮ್ಮನ ಕಾಸು ಎಂಬತ್ತಕ್ಕೇ ಮುಗಿದು, ಹಿಂದಿದ್ದ ಥಾಯ್ ಹೆಂಗಸು ತನ್ನ ಗಿಂಡಿಯಿಂದ ಒಂದು ಹಿಡಿ ಸುರಿದಳು. ಆಚೆ ದಡದ ವಾಟ್ ಅರುಣ್‌ಗೆ ದಾಟಲು ದೋಣಿಗೆ 5 ಬಾತ್ ಸಾಕು. ಆದರೆ ಅಷ್ಟರಲ್ಲಿ ಮಳೆ ಶುರುವಾಯಿತು. ಈಚೆ ದಡದಿಂದಲೇ ನೋಡಿದೆವು.

ಮಳೆಯಲ್ಲಿ ಟ್ಯಾಕ್ಸಿ ಕೈ ಮಾಡಿದರೆ ಮೀಟರ್ ಹಾಕಲ್ಲ, 400 ಕೊಡಿ ಅಂದರು. ಬೆಂಗಳೂರಿನವನಿಗೆ ಇದೇನು ಹೊಸದಲ್ಲ. ಸನಾಮ್ ಚಾಯ್ ಅನ್ನುವ ಮೆಟ್ರೋ ನಿಲ್ದಾಣ ಅಲ್ಲೇ ಹತ್ತಿರ. ಒಳಗೆ ಅರಮನೆಯ ದರ್ಬಾರಿನ ಹಾಗೆ ಕಂಬಗಳಿವೆ. ಮೆಟ್ರೋದಲ್ಲಿ ನಮ್ಮ ಬ್ಯಾಂಕಿನ ವೀಸಾ ಕಾರ್ಡನ್ನೇ ಮುಟ್ಟಿಸಿ ಒಳಗೆ ಹೋಗಬಹುದು.

ಮೂರನೇ ದಿನ, ಶುಕ್ರವಾರ

ಅಯುತ್ಥಯ. ಅಯೋಧ್ಯೆಯ ಹೆಸರೇ. 1350ರಿಂದ 417 ವರ್ಷ ರಾಜಧಾನಿಯಾಗಿತ್ತು, 1767ರಲ್ಲಿ ಬರ್ಮಾದ ಸೇನೆ ಹಾಳು ಮಾಡಿತು. ರೈಲಿನಲ್ಲಿ ಒಂದೂವರೆ ಗಂಟೆ. ಬ್ಯಾಂಕಾಕ್‌ನಲ್ಲಿ ಈಗ ಎರಡು ದೊಡ್ಡ ನಿಲ್ದಾಣಗಳಿವೆ, ಹಳೆಯ ಹುವಾ ಲಂಫೋಂಗ್ ಮತ್ತು ಬಾಂಗ್ ಸೂ ಹತ್ತಿರದ ಹೊಸದು. ನಿಮ್ಮ ರೈಲು ಎಲ್ಲಿಂದ ಅಂತ ಮೊದಲೇ ನೋಡಿಕೊಳ್ಳಿ.

ಬೇರುಗಳ ನಡುವೆ ಸಿಕ್ಕಿಕೊಂಡ ಬುದ್ಧನ ತಲೆ ಇರುವುದು ಇಲ್ಲಿನ ವಾಟ್ ಮಹಾಥಾಟ್‌ನಲ್ಲಿ. ಅದರ ಜೊತೆ ಫೋಟೋ ಬೇಕಾದರೆ ಕುಕ್ಕರಗಾಲಲ್ಲಿ ಕೂರಬೇಕು, ನಮ್ಮ ತಲೆ ಬುದ್ಧನ ತಲೆಗಿಂತ ಮೇಲಿರಬಾರದು. ಉಳಿದ ಕಡೆ ಸಾಲು ಸಾಲು ತಲೆಯಿಲ್ಲದ ಬುದ್ಧರು. ಅಮ್ಮ ಹಂಪಿ ನೆನಪಿಸಿಕೊಂಡು ಜಾಸ್ತಿ ಮಾತಾಡಲಿಲ್ಲ. ಹನ್ನೆರಡರ ಒಳಗೆ ಮುಗಿಸಿ ಮರಳಿದೆವು.

ನಾಲ್ಕನೇ ದಿನ, ಶನಿವಾರ

ಚಾಟುಚಾಕ್ ಸಂತೆ ಪೂರ್ತಿಯಾಗಿ ಸೇರುವುದು ಶನಿವಾರ, ಭಾನುವಾರ. 15 ಸಾವಿರಕ್ಕೂ ಜಾಸ್ತಿ ಮಳಿಗೆ ಅನ್ನುತ್ತಾರೆ. ನಮ್ಮ ಚಿಕ್ಕಪೇಟೆಗೆ ಮಾಡು ಹಾಕಿ ಎಳೆದು ಉದ್ದ ಮಾಡಿದ ಹಾಗೆ. ಆದರೆ ಚಿಕ್ಕಪೇಟೆ ಚೌಕಾಸಿ ಇಲ್ಲಿ ನಡೆಯಲ್ಲ. ನೂರಕ್ಕೆ ಹತ್ತೋ ಇಪ್ಪತ್ತೋ ಬಿಡುತ್ತಾರೆ, ಅದಕ್ಕಿಂತ ಎಳೆದರೆ ನಗುತ್ತಲೇ ಬೇರೆ ಗಿರಾಕಿ ಕಡೆ ತಿರುಗುತ್ತಾರೆ. ಹಿಡಿಸಿದ್ದನ್ನು ಅಲ್ಲೇ ಕೊಳ್ಳಿ, ಆಮೇಲೆ ಬರೋಣ ಅಂದರೆ ಆ ಅಂಗಡಿ ಮತ್ತೆ ಸಿಗುವುದಿಲ್ಲ.

ಅಮ್ಮನೂ ಸಿಗಲಿಲ್ಲ. ಒಂದು ಅಂಗಡಿಯಲ್ಲಿ ಚಿಲ್ಲರೆ ಎಣಿಸಿ ತಿರುಗುವಷ್ಟರಲ್ಲಿ ಮಾಯ. ಸಿಮ್ ಹಾಕಿಸಿದ್ದು ನನ್ನ ಫೋನಿಗೆ ಮಾತ್ರ, ಜಿಪುಣತನ. ಇಪ್ಪತ್ತು ನಿಮಿಷ ನನಗೆ ಪ್ರಾಣ ಬಾಯಿಗೆ ಬಂದಿತ್ತು. ಒಳಗೆ ಬರುವಾಗ ನಡುವಿನ ಗಡಿಯಾರ ಗೋಪುರ ತೋರಿಸಿ, ತಪ್ಪಿಸಿಕೊಂಡರೆ ಇಲ್ಲಿಗೆ ಬಾ ಅಂದಿದ್ದೆ. ಓಡಿದೆ. ಅಮ್ಮ ಗೋಪುರದ ಬುಡದಲ್ಲಿ ಕೂತು ಎಳನೀರು ಕುಡಿಯುತ್ತಿದ್ದಳು. ಪೂರ್ತಿ ಬಿಳಿಯಾಗಿ ಕೆತ್ತಿದ, ಮಂಜಿನಲ್ಲಿಟ್ಟ ಕಾಯಿ. "ತಗೋ ಕುಡಿ. ಇದಕ್ಕೆ ಯಾರೋ ಏಲಕ್ಕಿ ತರ ಏನೋ ಹಾಕಿದಾರೆ" ಅಂದಳು. ಏನೂ ಹಾಕಿರಲಿಲ್ಲ. ಅದು ಅಲ್ಲಿನ ಪರಿಮಳದ ತೆಂಗಿನ ತಳಿ, ನಾಮ್ ಹೋಮ್ ಅಂತ. ತಿಪಟೂರಿನವಳಿಗೆ ಇದನ್ನು ಒಪ್ಪಿಸಲು ಆಗಲಿಲ್ಲ. ಕಾಯಿ ಬಡಿದು ನೋಡಿ, ಕೊಬ್ಬರಿಗೆ ಬರಲ್ಲ ಅಂತ ತೀರ್ಪು ಕೊಟ್ಟಳು.

ಸಂಜೆ ಎರಾವಾನ್ ಗುಡಿ. ಐರಾವತ ಅಂದರೆ ನಮಗೆ ವೋಲ್ವೋ ಬಸ್ಸು, ಇಲ್ಲಿ ನಾಲ್ಕು ಮುಖದ ಬ್ರಹ್ಮ. 1950ರ ದಶಕದಲ್ಲಿ ಹೋಟೆಲು ಕಟ್ಟುವಾಗ ಒಂದರ ಮೇಲೊಂದು ಅನಾಹುತ ಆಗಿ, 1956ರಲ್ಲಿ ಈ ಮೂರ್ತಿ ಇಟ್ಟರಂತೆ. ಸುತ್ತ ಮಾಲ್‌ಗಳು, ತಲೆ ಮೇಲೆ ರೈಲು, ನಡುವೆ ಚೆಂಡುಹೂವಿನ ರಾಶಿ, ಊದುಬತ್ತಿಯ ಹೊಗೆ. ಹರಕೆ ತೀರಿದವರು ದುಡ್ಡು ಕೊಟ್ಟು ಕುಣಿತ ಮಾಡಿಸುತ್ತಾರೆ. "ನಮ್ಮಲ್ಲಿ ಬ್ರಹ್ಮನಿಗೆ ಗುಡೀನೇ ಇಲ್ಲ, ಇಲ್ಲಿ ನೋಡು ಅವನ ವೈಭವ" ಅಂತ ಅಮ್ಮ ನಾಲ್ಕು ಮುಖಕ್ಕೂ ಕೈ ಮುಗಿದು ಬಂದಳು. ಆಮೇಲೆ ಪಕ್ಕದ ಮಾಲ್‌ಗೆ ಹೋದೆವು. ಅಲ್ಲಿ ಎಸಿ ಎಷ್ಟು ಜೋರೆಂದರೆ ಒಂದು ಶಾಲು ಬ್ಯಾಗಿನಲ್ಲೇ ಇರಲಿ. ಇನ್ನೊಂದು ನೆಮ್ಮದಿಯ ಸುದ್ದಿ, ಅಲ್ಲಿನ ಪಾಯಿಖಾನೆಗಳಲ್ಲಿ ನೀರಿನ ಪೈಪ್ ಇರುತ್ತದೆ. ಇದನ್ನು ಮೊದಲೇ ಹೇಳಿದ್ದರೆ ಪ್ಲಾಸ್ಟಿಕ್ ಚೊಂಬು ತರುತ್ತಿರಲಿಲ್ಲ ಅಂದಳು ಅಮ್ಮ. ತಂದಿದ್ದಳು ಅಂತ ನನಗೆ ಗೊತ್ತಾಗಿದ್ದೇ ಆಗ.

ಐದನೇ ದಿನ, ಭಾನುವಾರ

ಬೆಳಗ್ಗೆ ಸುಮ್ನೆ ಕಿತ್ತಳೆ ಬಾವುಟದ ದೋಣಿ ಹತ್ತಿ ಸ್ವಲ್ಪ ದೂರ ಹೋಗಿ ಬಂದೆವು. ಪಟ್ಟಿಯಲ್ಲಿ ಆರು ಜಾಗ ಹಾಗೇ ಉಳಿದಿದ್ದವು. ಸಂಜೆ ವಿಮಾನ. ಟ್ಯಾಕ್ಸಿ ಬೇಡ ಅಂತ ಮತ್ತೆ ಅದೇ ರೈಲು.

ತಪಾಸಣೆ ಮುಗಿಸಿ ಒಳಗೆ ಹೋದರೆ ಎದುರಿಗೇ ಸಮುದ್ರಮಥನ. ನಡುವೆ ಮಂದರ ಪರ್ವತ, ಮೇಲೆ ವಿಷ್ಣು, ಕೆಳಗೆ ಆಮೆ, ಎರಡೂ ಕಡೆ ವಾಸುಕಿಯನ್ನು ಎಳೆಯುತ್ತಿರುವ ಆಳೆತ್ತರದ ದೇವತೆಗಳು, ರಾಕ್ಷಸರು. ಬರುವಾಗ ಇದು ಕಾಣುವುದಿಲ್ಲ, ಹೊರಡುವವರಿಗೆ ಮಾತ್ರ. ನಮ್ಮ ಗೇಟ್ ಇನ್ನೂ ದೂರವಿತ್ತು, ಹದಿನೈದು ನಿಮಿಷದ ನಡಿಗೆ. ಅಮ್ಮ ಬ್ಯಾಗ್ ನನ್ನ ಕೈಗಿಟ್ಟು ಹಾವಿನ ತಲೆಯಿಂದ ಬಾಲದ ತನಕ ಒಂದು ಸುತ್ತು ಹಾಕಿದಳು. "ತಲೆ ಕಡೆ ರಾಕ್ಷಸರು, ಬಾಲದ ಕಡೆ ದೇವತೆಗಳು. ಸರಿಯಾಗೇ ಇಟ್ಟಿದಾರೆ." ಆಮೇಲೆ ಸ್ವಲ್ಪ ಅನುಮಾನದಿಂದ ತಿರುಗಿ ಬಂದಳು.

"ಆಂಜನೇಯ ಎಲ್ಲೂ ಇಲ್ಲ ತಾನೇ, ಇನ್ನೊಂದ್ಸಲ ನೋಡು."